ಕಾರಿನ ಕೆಳಗಿನಿಂದ ಬರುತ್ತಿದ್ದ ಉತ್ತರ

ಕಾರು ರಿಪೇರಿಯ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಾರ್, ಯಾವ ಸ್ಕ್ಯಾನರ್ ತಗೊಳ್ಳೋದು?" ಕಾರಿನ ದೋಷ ಓದುವ ಆ ಯಂತ್ರ ಯಾವುದಾದರೂ ತೆಗೆದುಕೊಳ್ಳಿ. ನೀವು ಅದನ್ನು ಪೂರ್ತಿ ಕಲಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ನಾನು ಹೇಳಿಕೊಡಬೇಕೆಂದಿರುವುದು ಎಂದೂ ಹಳೆಯದಾಗದ ಒಂದು ಅಭ್ಯಾಸವನ್ನು. ಗ್ಯಾರೇಜಿನಲ್ಲಿ ನಿಂತ ಯಾವ ಕಾರಿನ ಬಾಗಿಲನ್ನು ಮುಟ್ಟುವ ಮೊದಲೂ ಅದರ ಟಾಪಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ, "ಕೆಳಗೆ?" ಎಂದು ಗಟ್ಟಿಯಾಗಿ ಕೇಳಬೇಕು. ಅಡಿಯಲ್ಲಿ ಯಾರಾದರೂ ಮಲಗಿ ಕೆಲಸ ಮಾಡುತ್ತಿದ್ದರೆ "ಇದ್ದೀನಿ" ಎನ್ನುತ್ತಾರೆ. ಇಲ್ಲದಿದ್ದರೆ ಹತ್ತಿರ ಇರುವವರು ಬಗ್ಗಿ ನೋಡಿ "ಖಾಲಿ" ಎನ್ನುತ್ತಾರೆ. ಉತ್ತರ ಬರುವ ತನಕ ಹಿಡಿಕೆಗೆ ಕೈ ಹಾಕಬಾರದು.

ಅಮೃತಹಳ್ಳಿಯ ನಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಆ "ಇದ್ದೀನಿ ಸಾರ್" ಬಾಷಾ ಭಾಯ್ ಅವರದು. ನಿವೃತ್ತಿಯ ನಂತರ ನನಗೆ ಸಿಕ್ಕಿರುವುದೆಲ್ಲ ಒಳ್ಳೆಯದೇ. ಬೆಳಗಿನ ವಾಕಿಂಗು, ಮಧ್ಯಾಹ್ನದ ನಿದ್ದೆ, ಗ್ರೀಸು ಕಾಣದ ಉಗುರು. ಆದರೆ ಆ ದನಿ ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಮುಂಚೆ ಒಂದು ಸಣ್ಣ ಬುಸ್ ಎನ್ನುವ ಸದ್ದು ಮಾಡುತ್ತದಲ್ಲ, ಅದು ಕೇಳಿದರೆ ಈಗಲೂ ಎದ್ದು ನಿಲ್ಲುತ್ತೇನೆ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಬಸ್ಸು ಬ್ರೇಕಿನ ಗಾಳಿ ಬಿಟ್ಟರೂ ಅಷ್ಟೆ. ಮನೆಯವರು ಮೊದಮೊದಲು ನಕ್ಕರು. ಈಗ ನಗುವುದಿಲ್ಲ, ಬಂದು ಪಕ್ಕದಲ್ಲಿ ನಿಲ್ಲುತ್ತಾರೆ.

ಅದು ಏಕೆ ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಮೊದಲ ಕೆಲಸ ಯಶವಂತಪುರದ ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ. ಅಲ್ಲಿ ನಮ್ಮ ವರ್ಕ್ಸ್ ಮ್ಯಾನೇಜರ್ ಶ್ರೀಕಂಠಯ್ಯನವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದರು. ಸಂಜೆಯ ಹೊತ್ತಿಗೂ ಅದು ಬಿಳಿಯಾಗಿಯೇ ಇರುತ್ತಿತ್ತು ಎನ್ನುವುದು ನಮ್ಮೆಲ್ಲರ ಹೊಟ್ಟೆಕಿಚ್ಚಿನ ವಿಷಯ. ಒಂದು ವರ್ಷ ಆಯುಧಪೂಜೆ ಕಳೆದು, ಮಳೆ ಹಿಡಿದುಕೊಂಡ ಮೇಲೆ, ಒಂದು ಐಷಾರಾಮಿ ಕಾರು ಬಂತು. ಅದರ ವೈಪರ್ ತಾನಾಗಿಯೇ ಆಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಗಾಜುಗಳು ತಾವೇ ಇಳಿಯುತ್ತಿದ್ದವು. ಯಾರದೋ ದೃಷ್ಟಿ ತಾಗಿದೆ ಎಂದು ಮಾಲೀಕರು ಗಟ್ಟಿಯಾಗಿ ನಂಬಿದ್ದರು. ನಾವು ಲ್ಯಾಪ್‌ಟಾಪ್ ಜೋಡಿಸಿ, ಅದು ತೋರಿಸಿದ ಕಂಟ್ರೋಲ್ ಡಬ್ಬಿಯನ್ನು ಬದಲಾಯಿಸಿ ಕಳಿಸಿದೆವು. ಮುಂದಿನ ಮಳೆಗೆ ಕಾರು ಮತ್ತೆ ಬಂತು.

ಶ್ರೀಕಂಠಯ್ಯನವರು ಬಂದು ಬಾನೆಟ್ ಎತ್ತಿಸಿದರು. ಒಂದು ಮಗ್ ನೀರು ತರಿಸಿ ಮುಂದಿನ ಗಾಜಿನ ಬುಡದಲ್ಲಿ ಸುರಿದರು. ನೀರು ಕೆಳಗೆ ಹರಿದು ಬರಬೇಕಾಗಿತ್ತು. ಬರಲಿಲ್ಲ, ಅಲ್ಲೇ ನಿಂತಿತು. ಅವರು ಒಂದು ತಂತಿಯನ್ನು ಬಗ್ಗಿಸಿ ತೂತಿಗೆ ಹಾಕಿ ಎಳೆದಾಗ ಹೊರಬಂದದ್ದು ಕೊಳೆತು ಕಪ್ಪಾದ ಚೆಂಡುಹೂವಿನ ಎಸಳುಗಳ ಒಂದು ಮುದ್ದೆ. ಹಬ್ಬಕ್ಕೆ ಬಾನೆಟ್ಟಿನ ಮೇಲೆ ಹಾಕಿದ ಹಾರ ಉದುರಿ, ನೀರು ಹೋಗುವ ದಾರಿ ಕಟ್ಟಿ, ಎಲೆಕ್ಟ್ರಿಕ್ ಡಬ್ಬಿಗಳು ಸ್ನಾನ ಮಾಡುತ್ತಿದ್ದವು.

"ನೋಡ್ರಪ್ಪ," ಎಂದರು. "ಗಾಡಿ ಜರ್ಮನಿದೇ ಇರಬಹುದು. ಓಡೋದು ನಮ್ಮೋರ ಮನೇಲಿ. ಮನೇಲಿ ಅದಕ್ಕೆ ಏನೇನ್ ಮಾಡ್ತಾರೆ ಅಂತ ಮೊದ್ಲು ಕೇಳಿ."

ಆ ಮಾತನ್ನು ನಾನು ಮುಂದೆ ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನೆ. ಅದು ನನಗೇ ಹೇಗೆ ತಿರುಗಿ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಬಾಷಾ ಭಾಯ್ ಪರಿಚಯವಾದದ್ದೂ ಅಲ್ಲಿಯೇ. ಆರ್.ಟಿ. ನಗರದವರು, ಮನೆಯಲ್ಲಿ ದಖನಿ ಉರ್ದು, ಗ್ಯಾರೇಜಿನಲ್ಲಿ ಎಲ್ಲ ಭಾಷೆ. ವಿನಯಕ್ಕೂ ಅವರಿಗೂ ದೂರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಡಾಕ್ಟರ ಹಾಗೆ ತಲೆಯಾಡಿಸಿ, "ಇಂಜೆಕ್ಟರ್ ಸಾರ್, ಹಂಡ್ರೆಡ್ ಪರ್ಸೆಂಟ್" ಎನ್ನುತ್ತಿದ್ದರು. ಅರ್ಧಕ್ಕರ್ಧ ಸಲ ಅದು ಇಂಜೆಕ್ಟರ್ ಆಗಿರುತ್ತಿರಲಿಲ್ಲ. ಒಮ್ಮೆ ಒಂದು ಕಾರಿನ ಹಿಂಭಾಗದಲ್ಲಿ ಟಕಟಕ ಸದ್ದು. ಆಕ್ಸಲ್ ಹೋಗಿದೆ ಎಂದು ಭಾಯ್ ದಿನವಿಡೀ ಅದನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿದರು. ಕೊನೆಗೆ ನಾನು ಹಿಂದಿನ ಬಾಗಿಲಿನ ಒಳಹಲಗೆ ತೆಗೆದರೆ, ಯಾವುದೋ ಮಗು ಒಳಗೆ ಬೀಳಿಸಿದ್ದ ಒಂದು ಗೋಲಿ ಸಿಕ್ಕಿತು.

"ಭಾಯ್, ನಿಮ್ ಆಕ್ಸಲ್ ಇಲ್ಲಿದೆ ನೋಡಿ," ಎಂದು ಅಂಗೈ ಚಾಚಿದೆ.

ಅವರು ಗೋಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಒರಿಜಿನಲ್ ಪಾರ್ಟ್ ಸಾರ್," ಎಂದರು. "ಇದು ಇಲ್ಲಿ ಸಿಗಲ್ಲ, ಜೋಪಾನ."

ನಾನು ಸ್ವಂತ ಗ್ಯಾರೇಜು ತೆರೆಯುತ್ತೇನೆ ಎಂದಾಗ ಅವರು ಏನನ್ನೂ ಕೇಳಲಿಲ್ಲ, ತಮ್ಮ ಸ್ಪ್ಯಾನರಿನ ಪೆಟ್ಟಿಗೆ ಎತ್ತಿಕೊಂಡು ಬಂದರು. ನಾನು ಲ್ಯಾಪ್‌ಟಾಪಿನ ಮುಂದೆ, ಅವರು ಕಾರಿನ ಕೆಳಗೆ. ಇಬ್ಬರ ಮಧ್ಯೆ ದಿನಪೂರ್ತಿ ಜಗಳ. ನಾನು ಮೇಲಿನಿಂದ ಒಂದು ಅಂಕಿ ಕೂಗಿದರೆ, ಅವರು ಕೆಳಗಿನಿಂದ, "ನಿಮ್ ಟಿವಿ ಸುಳ್ಳು ಹೇಳ್ತಾ ಇದೆ ಸಾರ್!" ಎಂದು ಕೂಗುತ್ತಿದ್ದರು. ಯಾರು ಸರಿ ಎನ್ನುವುದು ಸಂಜೆಯ ಟೀ ಹೊತ್ತಿಗೆ ತಿಳಿಯುತ್ತಿತ್ತು. ಕೆಲವು ದಿನ ಇಬ್ಬರೂ ಅಲ್ಲ. ನಮ್ಮ ಕೆಲಸದಲ್ಲಿ ಸುಖ ಎಂದು ಏನಾದರೂ ಇದ್ದರೆ ಅದು ಆ ಜಗಳ. ಮುಖ ಕಾಣದೆ, ಬರೀ ದನಿಯಲ್ಲಿ, ಒಂದು ಕಾರನ್ನು ನಡುವೆ ಇಟ್ಟುಕೊಂಡು ಮಾಡುವ ಜಗಳ.

ಆಗ ಬಂದದ್ದು ಮುನಿರಾಜು ಅವರ ಕಾರು.

ಮುನಿರಾಜು ಹುಣಸಮಾರನಹಳ್ಳಿಯ ಕಡೆಯವರು. ಹಿಂದೆ ದ್ರಾಕ್ಷಿ ಬೆಳೆಯುತ್ತಿದ್ದ ಮನೆತನ, ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಅವರು ಕೊಂಡದ್ದು ಹಳೆಯ ಜರ್ಮನ್ ಸೆಡಾನ್. ಹೊಸದಾಗಿದ್ದಾಗ ಮಂತ್ರಿಗಳೂ ಕಾರ್ಖಾನೆಯ ಮಾಲೀಕರೂ ಮಾತ್ರ ಓಡಾಡುತ್ತಿದ್ದಂಥದ್ದು. ಕಪ್ಪು ಬಣ್ಣ, ಒಳಗೆ ತೊಗಲಿನ ಸೀಟು, ಮರದ ಹೊಳಪು. ನಾಲ್ಕು ಚಕ್ರಗಳ ಮೇಲೂ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲ. ಕಾರು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂದು ತಾನೇ ಲೆಕ್ಕ ಹಾಕಿ ಆ ಚೀಲಗಳಿಗೆ ಗಾಳಿ ತುಂಬಿಕೊಳ್ಳುತ್ತದೆ, ಬಿಟ್ಟುಕೊಳ್ಳುತ್ತದೆ.

"ಬೆಳಗ್ಗೆ ಎದ್ದು ನೋಡಿದ್ರೆ ಒಂದ್ ಕಡೆ ಕೂತ್ಬುಟ್ಟಿರ್ತದೆ ಸಾ," ಎಂದರು ಮುನಿರಾಜು. "ಎಮ್ಮೆ ಮಲಗ್ದಂಗೆ. ಸ್ಟಾರ್ಟ್ ಮಾಡಿದ್ ಮ್ಯಾಕೆ ಇಂಗೆ ಮೆತ್ತಗೆ ಏಳ್ತದೆ."

ಭಾಯ್ ಸುತ್ತ ಒಂದು ಸುತ್ತು ಬಂದು, ಎಡಗಡೆ ಮುಂದೆ ನೆಲಕ್ಕೆ ತಾಗುವಂತೆ ಕುಸಿದಿದ್ದ ಬಂಪರನ್ನು ನೋಡಿ, "ಎಮ್ಮೆ ಅಲ್ಲ ಯಜಮಾನ್ರೆ, ನವಾಬ," ಎಂದರು. "ನವಾಬ್ ಸಾಹೇಬ್ರು ಬೆಳಗ್ಗೆ ಬೇಗ ಏಳಲ್ಲ."

ಹಳೆಯ ಐಷಾರಾಮಿ ಕಾರು ಕೊಂಡವರಿಗೆ ನಾನು ಯಾವಾಗಲೂ ಹೇಳುವುದು ಇದು: ಹಿಂದಿನವರು ಮುಂದೂಡಿದ ರಿಪೇರಿಗಳನ್ನೆಲ್ಲ ನೀವು ಒಟ್ಟಿಗೆ ಕೊಂಡಿದ್ದೀರಿ. ಆದ್ದರಿಂದ ಮೊದಲು ಅಲಂಕಾರ ಬೇಡ, ಕಾಯಿಲೆ ನೋಡೋಣ. ಮುನಿರಾಜು ಅವರಿಗೆ ಅಲಂಕಾರವೇ ಮೊದಲು ಬೇಕಾಗಿತ್ತು. ದೊಡ್ಡ ಪರದೆ, ಹಿಂದೆ ಕ್ಯಾಮೆರಾ, ಹೊಸ ದೀಪ, ಜೊತೆಗೆ ಡಿಕ್ಕಿ ತುಂಬ ಸ್ಪೀಕರು. ಅವರನ್ನು ಕೂರಿಸಿ ಕೇಳಿದೆ, ಇಷ್ಟು ಕಾರುಗಳಿರುವಾಗ ಇದೇ ಯಾಕೆ ಎಂದು.

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದರು. ಹರೆಯದಲ್ಲಿ ದ್ರಾಕ್ಷಿಯ ಕ್ರೇಟುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಹೆಬ್ಬಾಳದ ಮೇಲೆ ಹೋಗುತ್ತಿದ್ದರಂತೆ. ಒಂದು ದಿನ ಪಕ್ಕದಲ್ಲಿ ಇಂಥದೇ ಕಾರು ನಿಂತಿತಂತೆ. ಒಳಗೆ ಕುಳಿತವರು ಯಾರಿಗೋ ಏನೋ ಹೇಳಿ ಗಾಜು ಏರಿಸಿಕೊಂಡರಂತೆ. "ಗಾಜು ಮ್ಯಾಕ್ ಓಗಿದ್ದೇ ಸರಿ ಸಾ, ಅವ್ರ ಮಾತು ಕತ್ರಿಸ್ದಂಗೆ ನಿಂತೋಯ್ತು. ನಮ್ ಟೆಂಪೋ ಗಡಗಡ ಅಂತಿತ್ತು, ಆರ್ನ್ ಒಡೀತಿದ್ರು, ಅವ್ರಿಗೆ ಏನೂ ಇಲ್ಲ. ಆ ನಿಶ್ಶಬ್ದದಾಗೆ ಒಂದ್ ಸಲ ಕೂತ್ಕಬೇಕು ಅಂತ ಅವತ್ತಿಂದ."

"ಮತ್ತೆ ಸ್ಪೀಕರ್ ಯಾಕೆ?" ಎಂದು ಕೆಳಗಿನಿಂದ ಭಾಯ್ ಕೇಳಿದರು. ಅವರು ಆಗಲೇ ಕಾರಿನ ಅಡಿಗೆ ಹೋಗಿಯಾಗಿತ್ತು. "ನಿಶ್ಶಬ್ದ ತಗೊಂಡು ಅದಕ್ಕೆ ಬೂಂ ಬೂಂ ಹಾಕಿಸ್ತೀರಾ?"

ಮುನಿರಾಜು ಜೋರಾಗಿ ನಕ್ಕರು. ಸ್ಪೀಕರಿನ ಮಾತು ಅಲ್ಲಿಗೆ ಮುಗಿಯಿತು.

ಕಾಯಿಲೆ ಹುಡುಕಲು ಸಾಬೂನಿನ ನೀರೇ ಸಾಕಾಯಿತು. ಎಡಗಡೆಯ ಮುಂದಿನ ಚೀಲದ ಮಡಿಕೆಯಲ್ಲಿ ನೀರು ಸವರಿದಾಗ ಸಣ್ಣ ಗುಳ್ಳೆಗಳು ಎದ್ದವು. ಚೀಲ ಸೋರುತ್ತಿದ್ದರಿಂದ ಗಾಳಿಯ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಸ್ತಾಗಿತ್ತು. ಕಂಪ್ರೆಸರ್ ಓಡಿ ಓಡಿ ಬ್ಯಾಟರಿ ಸೊರಗಿತ್ತು. ಬ್ಯಾಟರಿ ಸೊರಗಿದ್ದರಿಂದ ಗೇರು ಬದಲಾಗುವಾಗ ಏಟು, ಪರದೆಯಲ್ಲಿ ಇಲ್ಲಸಲ್ಲದ ಎಚ್ಚರಿಕೆಗಳು. ನನ್ನ ಲ್ಯಾಪ್‌ಟಾಪ್ ಹತ್ತಾರು ದೋಷ ತೋರಿಸಿತು. ಬೇರು ಒಂದೇ, ಆ ಗುಳ್ಳೆ. ಹೊಸಬರು ಇದನ್ನು ನೆನಪಿಡಿ, ಇಂಥ ಕಾರುಗಳು ಒಂದು ಕಡೆ ನೋವಾದರೆ ಮೈಯೆಲ್ಲ ನೋವು ಎನ್ನುತ್ತವೆ.

ಚೀಲ, ಕಂಪ್ರೆಸರ್, ಬ್ಯಾಟರಿ, ಬ್ರೇಕಿನ ಪ್ಯಾಡುಗಳನ್ನು ಹಾಕಿದೆವು. ಗೇರಿನ ಎಣ್ಣೆ ಬದಲಿಸಿದೆವು. ಹಳೆಯ ಪರದೆಯ ಜಾಗದಲ್ಲಿ, ಮರದ ಹೊಳಪು ಕೆಡದಂತೆ, ಹೊಸ ಪರದೆ ಕೂರಿಸಿದೆವು. ಮುನಿರಾಜು ದಿನವೂ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಒಂದೊಂದು ಸಲ ಬಾಗಿಲನ್ನು ತೆಗೆದು, ಮುಚ್ಚಿ, ಅದರ ದಪ್ಪ ಮೆತ್ತನೆಯ ಸದ್ದನ್ನು ಕೇಳುವುದು ಅವರಿಗೆ ಖುಷಿ. ಮುಚ್ಚುವ ಮುಂಚೆ ಟಾಪು ತಟ್ಟಿ "ಕೆಳಗೆ?" ಎನ್ನುವುದನ್ನು ಭಾಯ್ ಅವರಿಗೂ ಕಲಿಸಿದ್ದರು. "ಇದ್ದೀನಿ ಯಜಮಾನ್ರೆ, ಬೇಡಿ!" ಎಂದು ಕೆಳಗಿನಿಂದ ಬರುತ್ತಿತ್ತು.

ಈ ಜಾತಿಯ ಕಾರುಗಳ ಕೀ ಜೇಬಿನಲ್ಲಿ ಹತ್ತಿರ ಬಂದರೆ ಸಾಕು, ಕಾರು ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡು ಬಾಗಿಲು ತೆಗೆದು ಮುಚ್ಚಿದರೆ, ಸರಿ, ಯಾರೋ ಹತ್ತಿದರು ಎಂದು ತಾನು ಹೇಗೆ ನಿಲ್ಲಬೇಕೋ ಹಾಗೆ ನಿಲ್ಲಲು ಹೊರಡುತ್ತದೆ; ಎತ್ತರಿಸಿಟ್ಟಿದ್ದರೆ ಗಾಳಿ ಬಿಟ್ಟು ಮಾಮೂಲಿ ಎತ್ತರಕ್ಕೆ ಇಳಿಯುತ್ತದೆ. ಆದ್ದರಿಂದ ಕೆಲಸದ ಹೊತ್ತಿನಲ್ಲಿ ಕೀಯನ್ನು ತಗಡಿನ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿ ಇಡುತ್ತಿದ್ದೆವು. ತಗಡಿನ ಒಳಗಿರುವ ಕೀಯ ಸುಳಿವು ಕಾರಿಗೆ ಸಿಗುವುದಿಲ್ಲ. ಈ ಕಾರಿಗೆ ಇದ್ದದ್ದು ಒಂದೇ ಕೀ, ಇನ್ನೊಂದು ಕಳೆದುಹೋಗಿದೆ ಎಂದು ಮಾರಿಸಿಕೊಟ್ಟ ಬ್ರೋಕರ್ ಹೇಳಿದ್ದ.

ಕಾರು ಒಯ್ಯುವ ದಿನ ಶುಕ್ರವಾರ. ಕಾರಿನ ಮೂತಿ ಒಳಗಿನ ಗೋಡೆಯ ಕಡೆಗಿತ್ತು. ಕಾರು ಎತ್ತುವ ಲಿಫ್ಟಿನ ಮೇಲೆ ಬೇರೆ ಕಾರಿತ್ತು. ಉಳಿದದ್ದು ಎಂಜಿನ್ನಿನ ಅಡಿಯ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂಗಳು ಮಾತ್ರ. ಮುಂದಿನ ಎರಡು ಚಕ್ರಗಳನ್ನು ಮರದ ಇಳಿಜಾರು ದಿಮ್ಮಿಗಳ ಮೇಲೆ ಹತ್ತಿಸಿ, ಗುಂಡಿ ಒತ್ತಿ ಕಾರನ್ನು ಅದರ ಗಾಳಿಯ ಮೇಲೆಯೇ ಪೂರ್ತಿ ಎತ್ತರಿಸಿ, ಕೀ ಡಬ್ಬಿಗೆ ಹಾಕಿದೆವು. ಅಡಿಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟುಕೊಳ್ಳಿ ಎಂದು ನಾನು ಹೇಳಿದರೆ ಭಾಯ್, "ಎರಡ್ ಸ್ಕ್ರೂ ಸಾರ್, ಅಷ್ಟೆ. ಜುಮ್ಮಾ ನಮಾಜಿಗೆ ಹೋಗ್ಬೇಕು, ಸ್ನಾನ ಬೇರೆ ಆಗ್ಬೇಕು," ಎಂದರು. ನಾನು ಸ್ಟ್ಯಾಂಡುಗಳನ್ನು ತಂದು ಚಕ್ರದ ಪಕ್ಕ ಇಟ್ಟೇ ಒಳಗೆ ಹೋದೆ. ಅವು ಇಟ್ಟಲ್ಲಿಯೇ ಇದ್ದವು.

ಅಷ್ಟರಲ್ಲಿ ಮುನಿರಾಜು ತಮ್ಮ ಹೆಂಡತಿ ಜಯಮ್ಮನವರ ಜೊತೆ ಬಂದರು. ಜಯಮ್ಮ ಗ್ಯಾರೇಜಿಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಹೂವು, ತೆಂಗಿನಕಾಯಿ, ನಿಂಬೆಹಣ್ಣಿನ ಚೀಲ, ಡ್ಯಾಶ್‌ಬೋರ್ಡಿಗೆ ಅಂಟಿಸುವ ಪುಟ್ಟ ಗಣಪತಿ. ರಾಹುಕಾಲ ಹುಟ್ಟುವ ಮುಂಚೆ ಪೂಜೆ ಆಗಬೇಕು ಎಂದು ಅವಸರ. ಮನೆಯಲ್ಲಿ ಏನೇನು ಮಾಡುತ್ತಾರೆ ಎಂದು ಮೊದಲು ಕೇಳಬೇಕಾಗಿದ್ದ ನಾನೇ ಪೂಜೆಯ ವಿಷಯ ಕೇಳಿರಲಿಲ್ಲ. ಒಬ್ಬರಿಗೆ ರಾಹುಕಾಲ, ಒಬ್ಬರಿಗೆ ಜುಮ್ಮಾ. ಒಂದೇ ಶುಕ್ರವಾರದ ಬೆಳಗು ಇಬ್ಬರನ್ನೂ ಅಟ್ಟುತ್ತಿತ್ತು.

ಮುನಿರಾಜು ನಗುತ್ತಾ ನನ್ನ ಗಾಜಿನ ಕೋಣೆಗೆ ಬಂದು ಕುಳಿತರು. "ಒಂದ್ ಒಳ್ಳೇ ಸುದ್ದಿ ಸಾ. ಆ ಬ್ರೋಕರು ಬೆಳಗ್ಗೆ ಮನೆ ತಾವ್ಕೇ ಬಂದಿದ್ದ. ಇನ್ನೊಂದ್ ಕೀನೂ ಸಿಕ್ತಂತೆ, ಕೊಟ್ಟೋದ."

"ಎಲ್ಲಿದೆ?" ಎಂದೆ.

"ಇವಳ ಬ್ಯಾಗ್ನಾಗೆ. ಅರಿಶಿನ ಕುಂಕುಮ ಇಟ್ಟವ್ಳೆ."

ನಾನು ತಲೆಯೆತ್ತಿದೆ. ಗಾಜಿನ ಆಚೆ ಜಯಮ್ಮ ಕಾರಿನ ಬಲಗಡೆ ನಿಂತು ಡ್ರೈವರ್ ಕಡೆಯ ಬಾಗಿಲು ತೆಗೆದಿದ್ದರು. ಒಳಗೆ ಬಗ್ಗಿ ಗಣಪತಿಯನ್ನು ಒತ್ತಿ ಅಂಟಿಸಿ, ಹೂವು ಇಟ್ಟು, ಕೈಮುಗಿದರು. ಕಾರಿನ ಎಡಗಡೆ, ಮುಂದಿನ ಚಕ್ರದ ಪಕ್ಕದಲ್ಲಿ, ಒಂದು ಜೊತೆ ನೀಲಿ ಹವಾಯಿ ಚಪ್ಪಲಿ. ಭಾಯ್ ಕೆಳಗೆ ಹೋಗುವಾಗ ಮಸೀದಿಯ ಬಾಗಿಲಲ್ಲಿ ಬಿಡುವಷ್ಟು ಒಪ್ಪವಾಗಿ ಚಪ್ಪಲಿ ಬಿಡುತ್ತಿದ್ದರು.

ಈ ಒಂದು ಕ್ಷಣ ಈಗಲೂ ನನ್ನ ಕಣ್ಣೊಳಗೆ ತಿರುಗುತ್ತಲೇ ಇರುತ್ತದೆ. ಚಪ್ಪಲಿ, ಜಯಮ್ಮನ ಕೈ, ಬಾಗಿಲು. ನಾನು ಕೂಗಿದೆ. ಪಕ್ಕದ ಟೈರಿನ ಅಂಗಡಿಯಲ್ಲಿ ಯಂತ್ರ ಓಡುತ್ತಿತ್ತು, ನಡುವೆ ಗಾಜು ಬೇರೆ. ಬಾಗಿಲು ಆ ದಪ್ಪ ಮೆತ್ತನೆಯ ಸದ್ದಿನೊಂದಿಗೆ ಮುಚ್ಚಿಕೊಂಡಿತು.

ಆಮೇಲೆ ಬುಸ್ ಎಂದಿತು.

ಕಾರು ಬೀಳಲಿಲ್ಲ. ಬಿದ್ದಿದ್ದರೆ ಬೇರೆಯೇ ನೆನಪಾಗುತ್ತಿತ್ತೇನೋ. ಅದು ದೊಡ್ಡವರು ಕುರ್ಚಿಯಲ್ಲಿ ಕೂರುವ ಹಾಗೆ, ಗೌರವವಾಗಿ, ನಿಧಾನವಾಗಿ ಕೆಳಗೆ ಕೂರತೊಡಗಿತು. ನಾನು ಬಾಗಿಲು ತಳ್ಳಿಕೊಂಡು ಓಡುತ್ತಿದ್ದೆ. ಕೆಳಗಿನಿಂದ ಭಾಯ್ ದನಿ ಬಂತು. "ಇದ್ದೀನಿ" ಅಲ್ಲ.

"ಅಕ್ಕಾ! ಬಾಗಿಲ್ ತೆಗೀರಿ! ಬಾಗಿಲ್ ತೆಗೀರಿ ಅಕ್ಕಾ!"

ಅಲ್ಲಿ ಬೇರೆ ಯಾರೇ ಆಗಿದ್ದರೂ ಹಿಂದೆ ಸರಿಯುತ್ತಿದ್ದರು. ನೆಲದೊಳಗಿನಿಂದ ಒಂದು ಗಂಡಸಿನ ದನಿ, ಬುಸುಗುಡುತ್ತಾ ಕೂರುತ್ತಿರುವ ಕಾರು. ಜಯಮ್ಮ ಒಂದು ಸಲ ಬೆಚ್ಚಿದರು. ಆಮೇಲೆ ಏಕೆ ಏನು ಎಂದು ಕೇಳದೆ ಬಾಗಿಲನ್ನು ಎಳೆದು ತೆರೆದರು.

ಕಾರು ನಿಂತಿತು.

ಈ ಕಾರಿನಲ್ಲಿ ಬಾಗಿಲು ತೆರೆದಿದ್ದರೆ ಗಾಳಿ ಇಳಿಯುವುದಿಲ್ಲ. ಯಾರೋ ಇಳಿಯುತ್ತಿದ್ದಾರೆ ಎಂದು ಅದು ಕಾಯುತ್ತದೆ. ಪುಸ್ತಕದಲ್ಲಿ ನಾನೂ ಓದಿದ್ದೆ. ಆ ಹೊತ್ತಿನಲ್ಲಿ ಅದು ಹೊಳೆದದ್ದು ಎದೆಯ ಮೇಲೆ ಕಾರು ಬರುತ್ತಿದ್ದವರಿಗೆ.

ಬಗ್ಗಿ ನೋಡಿದೆ. ಎಂಜಿನ್ನಿನ ಕೆಳಗಿನ ಕಬ್ಬಿಣದ ತೊಲೆ ಅವರ ಎದೆಯನ್ನು ಒತ್ತಿ ಹಿಡಿದಿತ್ತು. ಒಂದು ಕೈ ಒಳಗೆ ಸಿಕ್ಕಿತ್ತು, ಇನ್ನೊಂದು ಕೈ ಹೊರಗೆ, ಸ್ಕ್ರೂಡ್ರೈವರ್ ಹಿಡಿದೇ ಇತ್ತು. ಉಸಿರು ಸಣ್ಣ ಸಣ್ಣ ತುಂಡುಗಳಲ್ಲಿ ಬರುತ್ತಿತ್ತು. "ಸ್ಟಾರ್ಟ್ ಬೇಡ ಸಾರ್," ಎಂದರು. ಅಷ್ಟೇ ಹೇಳಲಾಯಿತು.

ಎಂಜಿನ್ ಸ್ಟಾರ್ಟ್ ಮಾಡಿದರೆ ಕಾರು ಮೇಲೇಳಬಹುದು, ಇನ್ನಷ್ಟು ಇಳಿಯಲೂಬಹುದು. ನಾನು ಟ್ರಾಲಿ ಜಾಕಿ ಎಳೆದು ತಂದೆ. ನೆಲ ಒರಟು, ಅದರ ಒಂದು ಗಾಲಿ ಸಿಕ್ಕಿಕೊಳ್ಳುತ್ತಿತ್ತು. ಮುನಿರಾಜು ಬಂದು ಬಂಪರಿನ ಕೆಳಗೆ ಕೈ ಕೊಟ್ಟು ಎತ್ತಲು ನೋಡಿದರು, ಕುತ್ತಿಗೆಯ ನರಗಳು ಉಬ್ಬಿದವು, ಕಾರು ಅಲ್ಲಾಡಲಿಲ್ಲ. ಟೈರಿನ ಅಂಗಡಿಯವರು ಓಡಿ ಬಂದರು. ಜಾಕಿಯನ್ನು ಬಾಗಿಲ ಕೆಳಗೆ ಕಾರಿನ ಮೈಯ ಅಂಚಿಗೆ ಕೊಟ್ಟು ಹಿಡಿಯನ್ನು ಒತ್ತಲು ಶುರು ಮಾಡಿದೆ. ಯಾರದೋ ಭುಜ ತಾಗಿ ಬಾಗಿಲು ಅಲುಗಿತು.

"ಯಾರೂ ಮುಟ್ಬ್ಯಾಡಿ!" ಎಂದರು ಜಯಮ್ಮ. ಎರಡೂ ಕೈಯಿಂದ ಬಾಗಿಲು ಹಿಡಿದು, ಬೆನ್ನು ಕೊಟ್ಟು ನಿಂತಿದ್ದರು. ಕೈಗೆ ಅಂಟಿದ್ದ ಕುಂಕುಮ ಗಾಜಿನ ಮೇಲೆಲ್ಲ ಹತ್ತಿತ್ತು. "ಅಣ್ಣಾ, ನಾನ್ ಬಿಡಲ್ಲ ಕಣಣ್ಣ. ಇಡ್ಕೊಂಡಿವ್ನಿ. ನೀನ್ ಉಸ್ರು ತಗೋ."

ಕೆಳಗಿನಿಂದ ಉತ್ತರ ಬರಲಿಲ್ಲ. ಜಾಕಿ ಒತ್ತುತ್ತಾ ನಾನು ಅದಕ್ಕಾಗಿ ಕಾದೆ. ಆ ಹೊತ್ತು ಎಷ್ಟಿತ್ತೋ ತಿಳಿಯದು. ದಿನವೂ ಮಾತಿಗೆ ಮಾತು ಕೊಡುತ್ತಿದ್ದ ಜಾಗದಿಂದ ಏನೂ ಬಾರದೆ ಹೋದರೆ ಹೇಗಿರುತ್ತದೆ ಎನ್ನುವುದನ್ನು ಆಗ ತಿಳಿದೆ, ಇನ್ನೂ ತಿಳಿಯುತ್ತಲೇ ಇದ್ದೇನೆ.

ಕಾರು ಒಂದು ಬೆರಳು ಎದ್ದಿತು, ಇನ್ನೊಂದು ಬೆರಳು. ಆಗ ಮುನಿರಾಜು ಕಾಲು ಹಿಡಿದು ಎಳೆದರು. ಭಾಯ್ ಹೊರಗೆ ಬಂದರು. ಮುಖ ಬೂದಿಯ ಬಣ್ಣ. ದೀರ್ಘವಾಗಿ ಉಸಿರೆಳೆದು, ನೋವಿಗೆ ಅರ್ಧಕ್ಕೇ ನಿಲ್ಲಿಸಿ, ಕಣ್ಣು ತೆರೆದು ಜಯಮ್ಮನ ಕಡೆ ನೋಡಿದರು. "ಅಕ್ಕ... ಈಗ ಬಿಡಿ," ಎಂದರು.

ಜಯಮ್ಮ ಬಿಡಲಿಲ್ಲ. ಆಸ್ಪತ್ರೆಗೆ ಆಟೋ ಹೊರಟ ಮೇಲೆಯೂ ಹಿಡಿದೇ ನಿಂತಿದ್ದರು. ಮುನಿರಾಜು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಪಕ್ಕೆಲುಬುಗಳು ಮುರಿದಿದ್ದವು, ಕೂಡಿಕೊಂಡವು. ಸಿಕ್ಕಿಕೊಂಡಿದ್ದ ಕೈಯೂ ಸರಿಯಾಯಿತು. ಇನ್ನು ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಭಾಯ್ ಒಂದು ಸೋಮವಾರ ಗ್ಯಾರೇಜಿಗೆ ಬಂದರು. ಎಲ್ಲರಿಗೂ ಸಲಾಂ ಹೇಳಿ, ಲಿಫ್ಟಿನ ಮೇಲಿದ್ದ ಕಾರಿನ ಹತ್ತಿರ ಹೋಗಿ, ಚಪ್ಪಲಿ ಬಿಟ್ಟರು. ಬಿಟ್ಟು ನಿಂತರು. ಎಷ್ಟು ಹೊತ್ತಾದರೂ ಕಾರಿನ ಅಡಿಗೆ ಹೋಗಲಿಲ್ಲ. ನಾನು ಲ್ಯಾಪ್‌ಟಾಪಿನಿಂದ ಕಣ್ಣು ಎತ್ತಲಿಲ್ಲ, ಎತ್ತಿದರೆ ಅವರಿಗೆ ಕಷ್ಟವಾಗುತ್ತದೆ ಎಂದು. ಕೊನೆಗೆ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಬಂದು, "ಸಾರ್, ಟೀ ಕುಡಿಯೋಣ," ಎಂದರು. ಕೆಲವು ದಿನ ಹಾಗೆ ಬಂದರು. ನಿಂತು ಮಾಡುವ ಕೆಲಸ ಮಾಡಿದರು. ನಾನು ಬೇಕೆಂದೇ ತಪ್ಪು ಅಂಕಿಗಳನ್ನು ಕೂಗಿ ಕೆಣಕಿದೆ. "ಹೌದಾ ಸಾರ್," ಎಂದರು, ಅಷ್ಟೇ. ಆಮೇಲೆ ಬರುವುದು ನಿಂತಿತು.

ಅವರು ಬಂದಾರು ಎಂದು ನಾನು ಇನ್ನೂ ಕೆಲವು ವರ್ಷ ಗ್ಯಾರೇಜು ನಡೆಸಿದೆ. ಬೇರೆಯವರನ್ನು ಇಟ್ಟುಕೊಂಡೆ, ಒಳ್ಳೆಯ ಕೆಲಸಗಾರರು. ಟಾಪು ತಟ್ಟಿ "ಕೆಳಗೆ?" ಎಂದರೆ ಅವರು ಸರಿಯಾಗಿ "ಇದ್ದೀನಿ ಸಾರ್" ಎನ್ನುತ್ತಿದ್ದರು. ಸರಿಯಾಗಿಯೇ ಹೇಳುತ್ತಿದ್ದರು, ಆದರೂ ಪ್ರತಿ ಸಲ ಒಂದು ಕ್ಷಣ ನಾನು ಮೋಸಹೋದಂತೆ ನಿಲ್ಲುತ್ತಿದ್ದೆ. ಅವರ ಸ್ಪ್ಯಾನರಿನ ಪೆಟ್ಟಿಗೆ ಅಲ್ಲೇ ಮೂಲೆಯಲ್ಲಿತ್ತು. ಗ್ಯಾರೇಜನ್ನು ಬೇರೆಯವರಿಗೆ ವಹಿಸಿದಾಗ ಅದನ್ನು ಮನೆಗೆ ತಂದೆ. ಅದರೊಳಗೆ ಆ ಗೋಲಿಯೂ ಇದೆ.

ಮೊನ್ನೆ ಮುನಿರಾಜು ಫೋನು ಮಾಡಿದರು. "ಬನ್ನಿ ಸಾ, ಭಾಯ್‌ನ ನೋಡ್ಕೊಂಡ್ ಬರಾನ." ಆ ಕಾರು ಇನ್ನೂ ಅವರ ಹತ್ತಿರವೇ ಇದೆ. ಮಾರಿಬಿಡುತ್ತಾರೆ ಎಂದುಕೊಂಡಿದ್ದೆ. ಮಾರಲು ಜಯಮ್ಮನೇ ಬಿಡಲಿಲ್ಲವಂತೆ. ಬಾಗಿಲು ತೆಗೆದ ತಕ್ಷಣ ನಿಂತಿತಲ್ಲ, ಅದನ್ನು ಹೇಗೆ ಕೊಡೋದು ಎಂದರಂತೆ.

ಆರ್.ಟಿ. ನಗರದ ಅವರ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗ ಸಾಲದು. ಭಾಯ್ ಹೊರಗೆ ಬಂದು, ಕೈಯಾಡಿಸಿ, "ಬರ್ಲಿ, ಬರ್ಲಿ, ಲೆಫ್ಟ್ ಹೊಡೀರಿ" ಎಂದು ದಾರಿ ತೋರಿಸಿದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಈಗ ಅಳಿಯನ ಪರದೆ ಬಟ್ಟೆಯ ಅಂಗಡಿಯಲ್ಲಿ ಕೂರುತ್ತಾರೆ. ಒಳಗೆ ಕೂರಿಸಿ ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟರು. ಜಯಮ್ಮ ಮನೆಯ ಹೆಂಗಸರ ಜೊತೆ ಅಡುಗೆಮನೆಗೇ ಹೋಗಿಬಿಟ್ಟರು. ನಾವು ಮೂವರೂ ಬೆಲೆ, ಮೊಣಕಾಲು, ಟ್ರಾಫಿಕ್ಕು ಎಲ್ಲವನ್ನೂ ಮಾತಾಡಿದೆವು.

"ನವಾಬ್ ಸಾಹೇಬ್ರು ಹೇಗವ್ರೆ?" ಎಂದು ಭಾಯ್ ಕೇಳಿದರು.

"ಬೆಳಗ್ಗೆ ನಮ್ಗಿಂತ ಮುಂಚೆ ಏಳ್ತಾರೆ," ಎಂದರು ಮುನಿರಾಜು. "ಎಡಗಡೆ ಏನೋ ಒಂಚೂರು ಸದ್ದು. ನೀವು ಬಂದು ಒಂದ್ ಸಲ ನೋಡ್ಬೇಕು."

ಭಾಯ್ ಲೋಟದೊಳಗೆ ನೋಡಿದರು. ಅವರು, "ಇನ್ನೊಂದ್ ಸ್ವಲ್ಪ ಚಹಾ ಹಾಕ್ಲಾ ಸಾರ್?" ಎಂದರು.

ಹೊರಡುವಾಗ ಬಾಗಿಲವರೆಗೆ ಬಂದರು, ಹೊಸ್ತಿಲು ದಾಟಲಿಲ್ಲ. ಕಾರಿಗೂ ಅವರಿಗೂ ನಡುವೆ ಆ ಗಲ್ಲಿಯ ಅಗಲವಿತ್ತು. ನಾನು ಮುಂದಿನ ಸೀಟಿನಲ್ಲಿ ಕುಳಿತೆ. ಜಯಮ್ಮ ನನ್ನ ಕಡೆಯ ಬಾಗಿಲು ಮುಚ್ಚಲು ಬಂದವರು ಟಾಪಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು.

"ಕೆಳಗೆ?" ಎಂದರು.

"ದಿನಾ ಇಂಗೇ ಸಾ," ಎಂದರು ಮುನಿರಾಜು ಮೆಲ್ಲಗೆ. "ಮನೆ ಮುಂದೇನೂ ಬಿಡಲ್ಲ. ಕೇಳ್ತಾಳೆ, ಬಗ್ಗಿ ನೋಡ್ತಾಳೆ, ಆಮ್ಯಾಲೇ ಮುಚ್ಚಾದು."

ಜಯಮ್ಮ ಸೆರಗು ಹಿಡಿದು ಬಗ್ಗಲು ಹೊರಟಿದ್ದರು. ಅಷ್ಟರಲ್ಲಿ ಹೊಸ್ತಿಲಿನಿಂದ ಉತ್ತರ ಬಂತು. ಅದೇ ದನಿ. ಒಂದು ಕ್ಷಣ ನಾನು ಅಮೃತಹಳ್ಳಿಯಲ್ಲಿದ್ದೆ, ಮುಂದೆ ಲ್ಯಾಪ್‌ಟಾಪು ಇತ್ತು, ಈಗ ಬರುವ ಮಾತು ಯಾವುದೆಂದು ನನಗೆ ಗೊತ್ತಿತ್ತು.

"ಖಾಲಿ ಅಕ್ಕ," ಎಂದರು ಭಾಯ್. "ಯಾರೂ ಇಲ್ಲ. ಮುಚ್ಚಿ."

ಜಯಮ್ಮ ನನ್ನ ಬಾಗಿಲು ಮುಚ್ಚಿ, ಹಿಂದೆ ಹತ್ತಿ ತಮ್ಮ ಬಾಗಿಲನ್ನೂ ಎಳೆದುಕೊಂಡರು. ಗಲ್ಲಿಯ ಸದ್ದೆಲ್ಲ ಕತ್ತರಿಸಿದಂತೆ ನಿಂತಿತು. ಗಾಜಿನ ಆಚೆ ಭಾಯ್ ಕೈ ಎತ್ತಿ ಎಡಗಡೆಯ ಮುಂದಿನ ಚಕ್ರವನ್ನು ತೋರಿಸುತ್ತಾ ಏನೋ ಹೇಳುತ್ತಿದ್ದರು, ಹಂಡ್ರೆಡ್ ಪರ್ಸೆಂಟ್ ಎನ್ನುವಾಗ ಆಡಿಸುತ್ತಿದ್ದ ಹಾಗೆಯೇ ತಲೆಯಾಡಿಸುತ್ತಿದ್ದರು. ನನಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಕಾರು ಹೊರಟಿತ್ತು. ಗಾಜು ಇಳಿಸುವ ಗುಂಡಿ ಎಲ್ಲಿದೆ ಎಂದು ನಾನು ಬಾಗಿಲ ಮೇಲೆಲ್ಲ ಕೈಯಾಡಿಸುತ್ತಿದ್ದೆ.